ರೂವಾರಿ ಮಲ್ಲಿತಮ್ಮ

ನಮ್ಮ ಅರಸೀಕೆರೆಯ ರೈಲು ನಿಲ್ದಾಣದಲ್ಲಿ ಇಳಿದು ಬೇಲೂರು ಹಳೇಬೀಡುಗಳಿಗೆ ಬಸ್ಸು ಎಲ್ಲಿ ಸಿಕ್ಕುವುದೆಂದು ವಿಚಾರಿಸುವ ಪರಸ್ಥಳದವರನ್ನು ನಾವೆಲ್ಲರೂ ಕಂಡಿದ್ದೇವೆ. ಅವರು ಬೇಲೂರಿಗೆ ಹೋಗುತ್ತಾರೆ. ಮದನಿಕೆಯರನ್ನು ನೋಡಿ ಬೆರಗಾಗುತ್ತಾರೆ. ಜಕಣಾಚಾರಿಯ ಕಥೆಯನ್ನು ಕೇಳಿಕೊಂಡು ಹಿಂದಿರುಗುತ್ತಾರೆ. ಆ ಕಥೆ ಯಾರಿಗೆ ತಿಳಿಯದು? ಕೈದಾಳದ ಜಕಣನು ಮನೆಮಡದಿಯನ್ನು ತೊರೆದು ದೇಶಾಂತರ ಹೋದದ್ದು, ಬೇಲೂರಿನಲ್ಲಿ ಗುಡಿ ಕಟ್ಟಿದ್ದು, ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಒಬ್ಬ ಹುಡುಗನು ಎದುರು ನಿಂತದ್ದು, ಮೈಗೆಲ್ಲ ಬಳಿದ ಗಂಧವು ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದು ಅಲ್ಲಿಂದ ಕಪ್ಪೆ ಹೊರಬಿದ್ದದ್ದು, ಕೊಟ್ಟ ಮಾತಿಗೆ ಜಕಣನು ಬಲಗೈಯನ್ನೇ ಕಡಿದುಕೊಂಡದ್ದು, ಕೊನೆಗೆ ಆ ಹುಡುಗನು ತನ್ನ ಮಗ ಡಂಕಣನೇ ಎಂದು ತಿಳಿದದ್ದು. ಚಿಕ್ಕಂದಿನಲ್ಲಿ ಈ ಕಥೆಯನ್ನು ಕೇಳಿ ನಾನು ಅತ್ತದ್ದುಂಟು.

ಕಾಲೇಜಿಗೆ ಬಂದು ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡ ಮೇಲೆ ತಿಳಿದ ಸಂಗತಿ ಬೇರೆ. ವಿಷ್ಣುವರ್ಧನನು ೧೧೧೭ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳ ಹೆಸರುಗಳು ಕಲ್ಲಿನ ಮೇಲೆಯೇ ಇವೆ. ಬಳ್ಳಿಗಾವೆಯ ದಾಸೋಜನಿದ್ದಾನೆ, ಅವನ ಮಗ ಚಾವಣನಿದ್ದಾನೆ, ಮಲ್ಲಿಯಣ್ಣ, ನಾಗೋಜ ಮೊದಲಾದವರಿದ್ದಾರೆ. ಜಕಣನ ಹೆಸರು ಮಾತ್ರ ಅವುಗಳಲ್ಲಿಲ್ಲ. ಕಥೆ ಸುಳ್ಳೆಂದು ಹೇಳಿ ಯಾರ ಮನಸ್ಸನ್ನೂ ನೋಯಿಸುವುದು ನನ್ನ ಉದ್ದೇಶವಲ್ಲ. ಆದರೆ ಹೆಸರಿಲ್ಲದವನಿಗೆ ಇಷ್ಟು ದೊಡ್ಡ ಕಥೆಯಿರುವಾಗ, ಹೆಸರಿರುವವನಿಗೆ ಒಂದು ಕಥೆಯೂ ಇಲ್ಲವಲ್ಲ ಎಂಬುದು ನನ್ನನ್ನು ಬಹುಕಾಲ ಕಾಡಿದೆ. ಅಂಥ ಒಬ್ಬನ ವಿಷಯವನ್ನು ನನ್ನ ಅಲ್ಪಮತಿಗೆ ತೋರಿದಷ್ಟು ಬರೆಯುತ್ತೇನೆ. ಅವನು ಬೇಲೂರಿನ ಶಿಲ್ಪಿಗಳಿಗಿಂತ ಸುಮಾರು ಒಂದು ಶತಮಾನ ಈಚಿನವನು. ನಮ್ಮ ತಾಲ್ಲೂಕಿನಲ್ಲಿಯೇ ಎರಡು ಊರುಗಳಲ್ಲಿ ಅವನ ಕೆಲಸವಿದೆ. ಹೆಸರು ಮಲ್ಲಿತಮ್ಮ.

ಮಲ್ಲಿತಮ್ಮನ ತಂದೆತಾಯಿಗಳು ಯಾರು, ಹುಟ್ಟಿದ ಊರು ಯಾವುದು, ಮಡಿದದ್ದು ಎಂದು, ಮಕ್ಕಳಿದ್ದರೇ, ಇದೊಂದೂ ಶಾಸನಗಳಲ್ಲಿಲ್ಲ. ಹಾಗಾದರೆ ಜೀವನಚರಿತ್ರೆ ಎಲ್ಲಿಂದ ಬಂತು ಎಂದು ಓದುಗ ಮಿತ್ರರು ಕೇಳಬಹುದು. ದಂಡನಾಯಕನಾದವನು ತಾನು ಹುಟ್ಟಿದ ವಂಶ, ಗೆದ್ದ ಯುದ್ಧ, ಬಿಟ್ಟ ಭೂಮಿ ಎಲ್ಲವನ್ನೂ ಆಳೆತ್ತರದ ಕಲ್ಲಿನಲ್ಲಿ ಬರೆಯಿಸಿ ನಿಲ್ಲಿಸಿದನು. ಮಲ್ಲಿತಮ್ಮನು ಬರೆದುಕೊಂಡದ್ದು ತಾನು ಕೆತ್ತಿದ ದೇವರ ಕಾಲಕೆಳಗಿನ ಪೀಠದಲ್ಲಿ ನಾಲ್ಕಾರು ಅಕ್ಷರ. ಕೆಲವೆಡೆ ಅದನ್ನೂ ಮೊಟಕುಮಾಡಿ ಮಲ್ಲಿ ಎಂದಷ್ಟೇ. ಆದರೆ ಆ ಅಕ್ಷರಗಳು ಯಾವ ಊರಿನ ಗುಡಿಯಲ್ಲಿವೆ, ಆ ಗುಡಿ ಯಾವ ವರ್ಷದ್ದು ಎಂಬುದನ್ನು ಒಂದರ ಮುಂದೊಂದು ಇಟ್ಟುಕೊಂಡು ಹೋದರೆ ಒಬ್ಬ ಮನುಷ್ಯನು ನಡೆದ ದಾರಿ ಕಾಣುತ್ತದೆ. ಆ ದಾರಿಯೇ ಅವನ ಚರಿತ್ರೆ.

ಮೊದಲು ರೂವಾರಿ ಎಂಬ ಮಾತಿನ ಬಗ್ಗೆ ಒಂದೆರಡು ಸಾಲು. ಈಗಿನ ವೃತ್ತಪತ್ರಿಕೆಗಳಲ್ಲಿ ಯೋಜನೆಯ ರೂವಾರಿ, ಗೆಲುವಿನ ರೂವಾರಿ ಎಂದೆಲ್ಲ ಮಂತ್ರಿಗಳನ್ನೂ ಆಟಗಾರರನ್ನೂ ಕರೆಯುವುದು ವಾಡಿಕೆಯಾಗಿದೆ. ಹಳೆಯ ಶಾಸನಗಳಲ್ಲಿ ರೂವಾರಿ ಎಂದರೆ ಉಳಿ ಹಿಡಿದು ರೂಪವನ್ನು ಕಡೆಯುವವನು, ಅಷ್ಟೆ. ಕೈಗೆ ಕಲ್ಲಿನ ಧೂಳು ಅಂಟಿದವನ ಹೆಸರು ಅದು.

ಅವನು ಮೊದಲು ನಮಗೆ ಕಾಣಿಸಿಕೊಳ್ಳುವುದು ತರೀಕೆರೆಯ ಬಳಿಯ ಅಮೃತಾಪುರದಲ್ಲಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು ಅಲ್ಲಿ ೧೧೯೬ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಆ ಗುಡಿಯ ಶಾಸನವನ್ನು ರಚಿಸಿದವನು ಜನ್ನ; ಯಶೋಧರ ಚರಿತೆಯನ್ನು ಬರೆದ ಅದೇ ಜನ್ನ. ನಮ್ಮ ಪಠ್ಯದಲ್ಲಿ ಜನ್ನನಿಗೆ ಒಂದು ಪಾಠವೇ ಮೀಸಲಾಗಿದೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯೂ ಬರುತ್ತದೆ. ಅದೇ ಗುಡಿಯ ಮಂಟಪದ ಒಳಚಾವಣಿಯ ಕೆಳಗೆ ಕತ್ತು ಮೇಲೆತ್ತಿ ಕೆಲಸಮಾಡಿದ ಮಲ್ಲಿತಮ್ಮನು ಯಾವ ಪಠ್ಯದಲ್ಲಿಯೂ ನನಗೆ ಸಿಕ್ಕಲಿಲ್ಲ. ಇದನ್ನು ದೂರೆಂದು ತಿಳಿಯಬಾರದು; ಮನಸ್ಸಿಗೆ ಬಂದದ್ದನ್ನು ಹೇಳಿದೆನಷ್ಟೆ.

ಅಮೃತಾಪುರದ ಒಳಚಾವಣಿಗಳು ಗುಮ್ಮಟದಂತೆ ಒಳಕ್ಕೆ ಏರಿ ನಡುವಿನಿಂದ ಮೊಗ್ಗು ಇಳಿಬಿದ್ದಂತೆ ಇವೆ. ಕಂಬಗಳು ಬುಗುರಿಯಂತೆ ಕಡೆದವು, ನುಣುಪಾದವು. ಮೋರೆ ಕಾಣುವಷ್ಟು ಹೊಳಪು. ಹೊರಗಡೆ ಮಂಟಪದ ಸುತ್ತಲ ಗಿಡ್ಡ ಗೋಡೆಯ ಮೇಲೆ ೧೪೦ ಚೌಕಗಳಲ್ಲಿ ರಾಮಾಯಣ, ಭಾಗವತ, ಭಾರತದ ಕಥೆಗಳನ್ನು ಕೆತ್ತಿದ್ದಾರೆ. ದಕ್ಷಿಣದ ಕಡೆಯ ರಾಮಾಯಣವು ಪ್ರದಕ್ಷಿಣೆಗೆ ಎದುರಾಗಿ ಸಾಗುವುದು ಒಂದು ವಿಶೇಷ. ಮಲ್ಲಿತಮ್ಮನ ಪಾಲಿಗೆ ಬಂದದ್ದು ಒಳಚಾವಣಿಯ ಕೆಲಸ. ಆಗ ಅವನಿಗೆ ಎಷ್ಟು ವಯಸ್ಸು? ಹದಿನೆಂಟೆಂದು ಇಟ್ಟುಕೊಳ್ಳೋಣ. ಅದಕ್ಕಿಂತ ಹೆಚ್ಚೆಂದು ಇಟ್ಟುಕೊಂಡರೆ ಮುಂದಿನ ಲೆಕ್ಕ ಕಷ್ಟವಾಗುತ್ತದೆ. ಅದು ಏಕೆಂದು ಆಮೇಲೆ ಹೇಳುತ್ತೇನೆ.

ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲನ್ನು. ಇದು ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ. ಗಾಳಿಬೆಳಕಿಗೆ ಒಡ್ಡಿದಂತೆ ಗಡುಸಾಗುತ್ತದೆ. ಕೊರಳ ಹಾರದ ಒಂದೊಂದು ಮಣಿಯನ್ನೂ ಬಿಡಿಸಿ, ಹಾರಕ್ಕೂ ಎದೆಗೂ ನಡುವೆ ಕಡ್ಡಿ ತೂರುವಷ್ಟು ತೆರಪು ಮಾಡಲು ಸಾಧ್ಯವಾದದ್ದು ಈ ಕಲ್ಲಿನಿಂದ. ಆದರೆ ಮೆದುಕಲ್ಲಿನಲ್ಲಿ ಕೆಲಸ ಸುಲಭವೆಂದು ತಿಳಿಯುವುದು ತಪ್ಪೆಂದು ನಮ್ಮ ತಾತನವರ ಅಭಿಪ್ರಾಯ. ಗಡುಸು ಕಲ್ಲು ಕೆಟ್ಟ ಪೆಟ್ಟನ್ನು ತಾಳಿಕೊಳ್ಳುತ್ತದೆ, ಮೆದುಕಲ್ಲು ತಾಳುವುದಿಲ್ಲ, ಒಂದು ಏಟು ಹೆಚ್ಚಾದರೆ ಮೂಗೇ ಹೋಯಿತು ಎನ್ನುತ್ತಾರೆ ಅವರು. ಅವರ ಮಾತಿಗೆ ನಾನು ಬೆಲೆ ಕೊಡುವುದಕ್ಕೆ ಕಾರಣವಿದೆ. ಅವರು ಶಿಲ್ಪಿಯಲ್ಲ; ಸವೆದ ಒರಳುಕಲ್ಲು ಬೀಸುಕಲ್ಲುಗಳಿಗೆ ಮತ್ತೆ ಉಳಿಯಿಂದ ಕಚ್ಚು ಹಾಕಿಕೊಡುತ್ತ ಸುತ್ತಲ ಹಳ್ಳಿಗಳನ್ನು ತಿರುಗಿದವರು. ಮನೆಮನೆಗೆ ವಿದ್ಯುತ್ತಿನ ಯಂತ್ರ ಬಂದ ಮೇಲೆ ಆ ಕೆಲಸ ನಿಂತಿತು.

ಅಮೃತಾಪುರದ ಮೇಲೆ ಬಹುಕಾಲ ಮಲ್ಲಿತಮ್ಮನ ಗುರುತು ನನಗೆ ಸಿಕ್ಕಿಲ್ಲ. ಸುಮಾರು ನಲವತ್ತು ವರ್ಷ. ಈ ನಡುವೆ ಬಲ್ಲಾಳನು ಸೇವುಣರೊಡನೆ ಕಾದಾಡಿದನು. ೧೨೨೦ರಲ್ಲಿ ಅವನ ಕಾಲ ಮುಗಿದು ಮಗ ಇಮ್ಮಡಿ ನರಸಿಂಹನು ಪಟ್ಟಕ್ಕೆ ಬಂದನು. ಅದೇ ೧೨೨೦ರ ಸುಮಾರಿಗೆ ನಮ್ಮ ಅರಸೀಕೆರೆಯ ಶಿವಾಲಯವೂ ಆಯಿತು. ಹದಿನಾರು ಕೋನಗಳ ನಕ್ಷತ್ರದಾಕಾರದ ಆ ಮುಂಭಾಗದ ಮಂಟಪದಂಥದ್ದು ಹೊಯ್ಸಳ ನಾಡಿನಲ್ಲಿಯೇ ಅಪರೂಪ. ಪರೀಕ್ಷೆಯ ದಿನಗಳಲ್ಲಿ ಅದರ ಜಗಲಿಯ ಮೇಲೆ ಕುಳಿತು ಓದಿಕೊಂಡವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆ ಮಂಟಪವನ್ನು ಮಲ್ಲಿತಮ್ಮನೇ ಕಟ್ಟಿದನೆಂದು ಹೇಳುವ ಆಸೆ ನನಗೆ ಬಹಳವಾಗಿತ್ತು. ಎರಡು ಭಾನುವಾರ ಪೀಠಪೀಠವನ್ನೂ ಬಗ್ಗಿ ನೋಡಿದೆ. ಅವನ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ಊರಿನ ಅಭಿಮಾನಕ್ಕಾಗಿ ಇಲ್ಲದ್ದನ್ನು ಉಂಟೆನ್ನಲಾರೆ. ಹಾಗೆ ಮಾಡಿದರೆ ಜಕಣನ ಕಥೆ ಹೇಳುವವರಿಗೂ ನನಗೂ ಏನು ವ್ಯತ್ಯಾಸ?

ಊರಿನಿಂದ ಹಾಸನದ ದಾರಿಯಲ್ಲಿ ಒಂದೆರಡು ಹರದಾರಿ ಹೋದರೆ ಹಾರನಹಳ್ಳಿ. ಅಲ್ಲಿ ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಮೂವರು ಅಣ್ಣತಮ್ಮಂದಿರು ೧೨೩೫ರ ಸುಮಾರಿನಲ್ಲಿ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳನ್ನು ಕಟ್ಟಿಸಿದರು. ಲಕ್ಷ್ಮೀನರಸಿಂಹನ ಗುಡಿಯ ಕೆಲಸದಲ್ಲಿ ಮಲ್ಲಿತಮ್ಮನಿದ್ದನು. ಆ ವೇಳೆಗೆ ಅವನು ಅರುವತ್ತಕ್ಕೆ ಸಮೀಪ ಬಂದವನು, ಕೈಕೆಳಗೆ ಹುಡುಗರನ್ನಿಟ್ಟುಕೊಂಡ ಆಚಾರಿ. ಕೃಷ್ಣರಾಜಪೇಟೆಯ ಕಡೆಯ ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳು ಸಾಲಾಗಿ ನಿಂತ ಪಂಚಲಿಂಗೇಶ್ವರ ದೇವಾಲಯವಿದೆ. ಅಲ್ಲಿಯ ದ್ವಾರಪಾಲಕರ ಬಳಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಬಾಣಾವರ ದಾಟಿ ಹಳೇಬೀಡಿಗೆ ಹೋಗುವ ಹಾದಿಯಲ್ಲಿರುವ ಜಾವಗಲ್ಲಿನ ಲಕ್ಷ್ಮೀನರಸಿಂಹನ ಗುಡಿಯಲ್ಲಿಯೂ ಅವನ ಕೆಲಸವುಂಟು. ಜಾವಗಲ್ ಎಂದೊಡನೆ ನಮ್ಮ ಮಿತ್ರರಿಗೆ ಒಬ್ಬ ವೇಗದ ಬೌಲರರ ಹೆಸರು ನೆನಪಾಗುವುದು ಸಹಜ. ಮುಂದೆ ಎಂದಾದರೂ ಆ ಊರಿನಲ್ಲಿ ಬಸ್ಸು ನಿಂತಾಗ ಗುಡಿಯ ಹೊರಗೋಡೆಯ ಆನೆ ಕುದುರೆಗಳ ಸಾಲನ್ನೂ ಇಳಿದು ನೋಡಬೇಕೆಂದು ಕೋರುತ್ತೇನೆ.

ಇನ್ನು ನುಗ್ಗೇಹಳ್ಳಿ. ಮಲ್ಲಿತಮ್ಮನನ್ನು ಮನುಷ್ಯನಾಗಿ ನಾನು ಕಂಡದ್ದು ಅಲ್ಲಿ.

ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯ ಈ ಊರಿನಲ್ಲಿ ವೀರಸೋಮೇಶ್ವರನ ದಂಡನಾಯಕ ಬೊಮ್ಮಣ್ಣನು ೧೨೪೬ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದನು. ಮೂರು ಗರ್ಭಗುಡಿಗಳು: ಕೇಶವ, ಲಕ್ಷ್ಮೀನರಸಿಂಹ, ವೇಣುಗೋಪಾಲ. ಹೊರಗೋಡೆಯ ವಿಗ್ರಹಗಳನ್ನು ಇಬ್ಬರು ಪ್ರಮುಖ ಶಿಲ್ಪಿಗಳು ಹಂಚಿಕೊಂಡರು. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ ಗೋಡೆ ಮಲ್ಲಿತಮ್ಮನದು. ಬೈಚೋಜನು ನಂದಿಯವನು. ತನ್ನ ಊರನ್ನೂ ಬಿರುದನ್ನೂ ಹೆಸರಿನೊಡನೆ ಹಾಕಿಕೊಂಡವನು. ಮಲ್ಲಿತಮ್ಮನು ಯಥಾಪ್ರಕಾರ ಬರಿಯ ಮಲ್ಲಿತಮ್ಮ.

ಗುಡಿಯ ಎರಡು ಬದಿಯನ್ನು ಇಬ್ಬರಿಗೆ ಬಿಟ್ಟರೆ ನೋಡುವವರು ಹೋಲಿಸದೆ ಇರುತ್ತಾರೆಯೇ? ಪ್ರದಕ್ಷಿಣೆ ಬರುವವನಿಗೆ ಮೊದಲು ಎಡಗಡೆಯ ಗೋಡೆ, ಹಿಂಭಾಗ ಸುತ್ತಿದ ಮೇಲೆ ಇನ್ನೊಂದು. ಇದು ಆ ಇಬ್ಬರಿಗೂ ಗೊತ್ತಿದ್ದ ಸಂಗತಿ. ನಾನು ಶಿಲ್ಪಶಾಸ್ತ್ರ ಓದಿದವನಲ್ಲ. ಆದರೂ ಮೂರು ಸಲ ಆ ಗುಡಿಯನ್ನು ಸುತ್ತಿದವನಾಗಿ ಹೇಳುವುದಾದರೆ, ಬೈಚೋಜನ ವಿಗ್ರಹಗಳಲ್ಲಿ ನಿಲುವಿಗೆ ಹೆಚ್ಚು ಬಳುಕು, ಮುಖದಲ್ಲಿ ಹೆಚ್ಚು ಬಿಗುವು. ಮಲ್ಲಿತಮ್ಮನದು ಆಭರಣದ ಕೈ. ಕಿರೀಟ, ತೋಳಬಂದಿ, ಕಟಿಸೂತ್ರದ ಕುಚ್ಚು, ತಲೆಯ ಮೇಲೆ ಕಮಾನಾಗಿ ಬಾಗಿದ ಬಳ್ಳಿ, ಇವುಗಳಲ್ಲಿ ಅವನು ಮೈಮರೆಯುತ್ತಾನೆ. ದೇವರು ಕೆಲವೆಡೆ ಒಡವೆಗಳ ಹಿಂದೆ ಸ್ವಲ್ಪ ಮರೆಯಾದದ್ದೂ ಉಂಟು. ಒಂದೊಂದೇ ವಿಗ್ರಹವನ್ನು ನೋಡಿದರೆ ನನ್ನ ಮತ ಬೈಚೋಜನಿಗೆ. ಮಲ್ಲಿತಮ್ಮನ ಮೇಲೆ ಲೇಖನ ಬರೆಯಹೊರಟವನು ಹೀಗೆನ್ನುವುದು ವಿಚಿತ್ರವೆನಿಸಬಹುದು. ಆದರೆ ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೆ ಹೇಗೆ ಹೇಳಲಿ? ಹೊಯ್ಸಳ ಶಿಲ್ಪದಲ್ಲಿ ಒಡವೆ ಹೆಚ್ಚಾಯಿತೆಂದು ವಿದ್ವಾಂಸರು ಹೇಳುವ ಆಕ್ಷೇಪಣೆಯ ದೊಡ್ಡ ಪಾಲು ಮಲ್ಲಿತಮ್ಮನಂಥವರ ತಲೆಯ ಮೇಲೆಯೇ ಬೀಳುತ್ತದೆ. ಒಳಚಾವಣಿಯ ಮೊಗ್ಗಿನ ದಳಗಳನ್ನು ಬಿಡಿಸುತ್ತ ಕೆಲಸ ಕಲಿತವನ ಕೈ ಕೊನೆಯವರೆಗೆ ಆ ಅಭ್ಯಾಸವನ್ನು ಬಿಡಲಿಲ್ಲವೆಂದು ನನಗೆ ತೋರುತ್ತದೆ.

ಕೊನೆಯ ಊರು ಕಾವೇರಿಯ ತೀರದ ಸೋಮನಾಥಪುರ. ವೀರಸೋಮೇಶ್ವರನು ತಮಿಳು ನಾಡಿನ ಕಣ್ಣನೂರಿನಲ್ಲಿ ಬಹುಕಾಲ ನೆಲೆಸಿದವನು. ೧೨೫೪ರ ಸುಮಾರಿಗೆ ರಾಜ್ಯವು ಅವನ ಇಬ್ಬರು ಮಕ್ಕಳಲ್ಲಿ ಹಂಚಿಹೋಯಿತು. ದೋರಸಮುದ್ರ ಮುಮ್ಮಡಿ ನರಸಿಂಹನ ಪಾಲಿಗೆ ಬಂತು. ಅವನ ದಂಡನಾಯಕ ಸೋಮನಾಥನು ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಮಾಡಿ, ಅದರಲ್ಲಿ ೧೨೫೮ರಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿದನು. (೧೨೬೮ ಎಂದು ಹಳೆಯ ಪುಸ್ತಕಗಳಲ್ಲಿದೆ.) ನಕ್ಷತ್ರದಾಕಾರದ ಜಗಲಿ, ಮೂರು ಗೋಪುರ, ಸುತ್ತ ಅರುವತ್ತನಾಲ್ಕು ಕೋಷ್ಠಗಳ ಪ್ರಾಕಾರ, ಒಳಗಿನ ಮಂಟಪದಲ್ಲಿ ಒಂದರಂತೆ ಒಂದಿಲ್ಲದ ಹದಿನಾರು ಒಳಚಾವಣಿಗಳು. ಬಾಳೆಯ ಹೂವಿನಂತೆ ಇಳಿಬಿದ್ದ ಅಲ್ಲಿಯ ಮೊಗ್ಗುಗಳನ್ನು ನೋಡಿದವರಿಗೆ ಅಮೃತಾಪುರ ನೆನಪಾಗದೆ ಇರದು. ಹೊರಗೋಡೆಯಲ್ಲಿ ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ಭರ್ಮಯ, ನಂಜಯ ಎಂಬ ಶಿಲ್ಪಿಗಳ ಹೆಸರುಗಳಿವೆ. ಎಲ್ಲರಿಗಿಂತ ಹೆಚ್ಚಾಗಿ ಕಾಣುವುದು ಮಲ್ಲಿತಮ್ಮನದು; ಸುಮಾರು ನಲವತ್ತು ವಿಗ್ರಹಗಳು ಅವನವು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಈ ಗುಡಿಯ ಮೇಲೆ ೧೯೧೭ರಲ್ಲಿ ಪುಸ್ತಕವನ್ನು ಪ್ರಕಟಿಸಿ ಈ ಹೆಸರುಗಳನ್ನು ಲೋಕಕ್ಕೆ ತಿಳಿಸಿದರು. ಆರೂವರೆ ಶತಮಾನ ಜನರ ಕಾಲಿನ ಮಟ್ಟದಲ್ಲಿದ್ದ ಅಕ್ಷರಗಳನ್ನು ಅವರು ಬಗ್ಗಿ ಓದಿದರು.

ಈಗ ಹಿಂದೆ ಹೇಳಿದ ಲೆಕ್ಕಕ್ಕೆ ಬರೋಣ. ೧೧೯೬ರಿಂದ ೧೨೫೮ಕ್ಕೆ ೬೨ ವರ್ಷ. ಅಮೃತಾಪುರದಲ್ಲಿ ಹದಿನೆಂಟಾಗಿದ್ದವನಿಗೆ ಸೋಮನಾಥಪುರದಲ್ಲಿ ಎಂಬತ್ತು. ಎಂಬತ್ತರ ಮುದುಕನು ನಲವತ್ತು ವಿಗ್ರಹಗಳನ್ನು ಕೆತ್ತಿದನೇ? ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ವಾಡಿಕೆ. ಮಲ್ಲಿತಮ್ಮನೆಂಬವರು ಇಬ್ಬರಿರಬಾರದೇಕೆ? ನಮ್ಮ ಅಧ್ಯಾಪಕರೊಬ್ಬರಲ್ಲಿ ಈ ಸಂಶಯವನ್ನು ಹೇಳಿಕೊಂಡಾಗ, ಆಚಾರಿಯ ಹೆಸರಿನಲ್ಲಿ ಅವನ ಇಡೀ ತಂಡದ ಕೆಲಸವೂ ಸೇರಿರಬಹುದು, ಅದನ್ನೂ ಯೋಚಿಸು ಎಂಬ ಅರ್ಥದ ಮಾತನ್ನಾಡಿದರು. ಅದು ಒಪ್ಪತಕ್ಕದ್ದೇ. ಮುದುಕನು ರೇಖೆಯನ್ನು ಎಳೆದುಕೊಟ್ಟು, ಹುಡುಗರು ಕಲ್ಲನ್ನು ಒಡೆದು, ಕೊನೆಯ ನಾಜೂಕಿನ ಏಟುಗಳನ್ನು ಅವನೇ ಹಾಕಿದ್ದಿರಬಹುದು. ಸಾಮಾನ್ಯವಾಗಿ ವಿದ್ವಾಂಸರು ಅವನನ್ನು ಒಬ್ಬನೇ ಎಂದೆಣಿಸಿ ಅರುವತ್ತು ವರ್ಷದ ದುಡಿಮೆಯನ್ನು ಅವನ ಲೆಕ್ಕಕ್ಕೆ ಬರೆದಿದ್ದಾರೆ. ನಾನೂ ಆ ಪಕ್ಷದವನೇ. ನಾಲ್ಕು ಅರಸರ ಕಾಲವೆಂದು ನಾವು ಬಾಯಿಪಾಠ ಮಾಡುವುದು ಅವನಿಗೆ ಒಂದೇ ಆಯುಷ್ಯ. ಇಮ್ಮಡಿ ಬಲ್ಲಾಳನ ಆಳಿಕೆಯಲ್ಲಿ ಉಳಿ ಹಿಡಿದವನು ಮುಮ್ಮಡಿ ನರಸಿಂಹನ ಆಳಿಕೆಯಲ್ಲಿಯೂ ಹಿಡಿದಿದ್ದನು.

ಅವರು ಹೆಸರನ್ನೇಕೆ ಬರೆದರು ಎಂಬುದೂ ಒಂದು ಪ್ರಶ್ನೆ. ಯಾರ ಪಾಲಿನ ವಿಗ್ರಹ ಯಾವುದೆಂದು ಕೂಲಿಯ ಲೆಕ್ಕಕ್ಕಾಗಿ ಬರೆದಿರಬಹುದೆಂಬ ಊಹೆಯುಂಟು. ಅಭಿಮಾನದಿಂದ ಎನ್ನುವವರೂ ಉಂಟು. ಬೈಚೋಜನ ಮಟ್ಟಿಗೆ ಎರಡನೆಯದು ನಿಜವಿರಬೇಕು. ಏನೇ ಆಗಲಿ, ವಿಗ್ರಹ ಮಾಡಿದವನ ಹೆಸರು ತಿಳಿಯುವುದು ಪ್ರಪಂಚದ ಹಳೆಯ ಗುಡಿಗಳಲ್ಲಿ ಅಪರೂಪ. ಸಮುದ್ರದಾಚೆ ವಿಯೆಟ್ನಾಮಿನಲ್ಲಿ ಮೀಸೋನ್ ಎಂಬ ಕಣಿವೆಯಿದೆ. ಚಂಪಾ ದೇಶದ ಅರಸರು ನಾಲ್ಕರಿಂದ ಹದಿಮೂರನೆಯ ಶತಮಾನದವರೆಗೆ ಅಲ್ಲಿ ಶಿವಾಲಯಗಳನ್ನು ಕಟ್ಟಿಸುತ್ತಲೇ ಇದ್ದರು. ಅಂದರೆ ನಮ್ಮ ಮಲ್ಲಿತಮ್ಮನ ಕಾಲಕ್ಕೂ ಅಲ್ಲಿ ಶಿವನಿಗೆ ಪೂಜೆಯಿತ್ತು. ಅಲ್ಲಿಯ ಮರಳುಗಲ್ಲಿನ ಶಿವ, ನರ್ತಕಿ, ಗರುಡರ ಎಷ್ಟೋ ವಿಗ್ರಹಗಳು ೧೯೧೯ರಲ್ಲಿ ತೆರೆದ ಡಾನಾಂಗ್ ಪಟ್ಟಣದ ಸಂಗ್ರಹಾಲಯದಲ್ಲಿವೆ. ಅವುಗಳ ಚಿತ್ರಗಳನ್ನು ನಮ್ಮ ಗ್ರಂಥಭಂಡಾರದ ಒಂದು ಪುಸ್ತಕದಲ್ಲಿ ನೋಡಿದೆ. ಪ್ರತಿಯೊಂದು ಚಿತ್ರದ ಕೆಳಗೂ ಸಿಕ್ಕಿದ ಊರು, ಶತಮಾನ, ಕಲ್ಲಿನ ಜಾತಿ ಅಚ್ಚಾಗಿತ್ತು. ಮೀಸೋನಿನ ಕೆಲವು ಗೋಪುರಗಳು ೧೯೬೯ರ ಯುದ್ಧದಲ್ಲಿ ಬಾಂಬಿಗೆ ಬಿದ್ದವು; ಉಳಿದವನ್ನು ೧೯೯೯ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರಗಳು ಅದೇ ಪಟ್ಟಿಯನ್ನು ಸೇರಿದ್ದು ೨೦೨೩ರಲ್ಲಿ. ಹಾರನಹಳ್ಳಿ, ಜಾವಗಲ್ಲು, ನುಗ್ಗೇಹಳ್ಳಿಗಳು ಅದರಲ್ಲಿಲ್ಲ.

ಮಲ್ಲಿತಮ್ಮನು ಮಡಿದದ್ದು ಎಂದೋ ಎಲ್ಲಿಯೋ. ೧೩೧೧ರಲ್ಲಿ ಮಲ್ಲಿಕ್ ಕಾಫರನ ದಂಡು ದೋರಸಮುದ್ರಕ್ಕೆ ಬಂದಾಗ ಅವನಿರಲಿಲ್ಲವೆಂಬುದು ಮಾತ್ರ ನಿಶ್ಚಯ. ಅವನಿಗೆ ಕಲಿತ ಹುಡುಗರು, ಆ ಹುಡುಗರಿಂದ ಕಲಿತವರು ಆಮೇಲೆ ಯಾವ ಊರಿಗೆ ಹೋದರೋ, ಏನನ್ನು ಕೆತ್ತಿದರೋ.

ಕಳೆದ ದಸರಾ ರಜೆಯಲ್ಲಿ ನಮ್ಮ ತಾತನವರನ್ನು ನುಗ್ಗೇಹಳ್ಳಿಗೆ ಕರೆದುಕೊಂಡು ಹೋಗಿದ್ದೆ. ಅವರಿಗೆ ಈಗ ಎಪ್ಪತ್ತೆಂಟು. ನನ್ನನ್ನು ಕಾಲೇಜಿಗೆ ಸೇರಿಸಿದ ದಿನ ಅಪ್ಪ ಕೂಲಿಗೆ ಹೋಗಿದ್ದರಿಂದ ಅವರೇ ಜೊತೆಯಲ್ಲಿ ಬಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದರು. ಒತ್ತಿದ ಮೇಲೆ ಬೆರಳನ್ನು ಪಂಚೆಯ ಒಳಮಡಿಕೆಗೆ ಒರಸಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಉತ್ತರದ ಗೋಡೆಯ ಬಳಿ ಒಂದು ಪೀಠವನ್ನು ತೋರಿಸಿ, ಇಲ್ಲಿ ಕೆತ್ತಿದವನ ಹೆಸರಿದೆ ತಾತ ಎಂದೆ. ಹಳಗನ್ನಡದ ಲಿಪಿ ನನಗೂ ಪೂರಾ ಬಾರದು. ಮಕಾರವನ್ನೂ ಅದರ ಮುಂದಿನ ಒತ್ತಕ್ಷರವನ್ನೂ ಕಷ್ಟದಿಂದ ಗುರುತಿಸಿದೆ. ಅವರು ಕುಕ್ಕರುಗಾಲಲ್ಲಿ ಕುಳಿತು ಅಕ್ಷರದ ಗೀರಿನೊಳಗೆ ತೋರುಬೆರಳನ್ನಿಟ್ಟು ನಿಧಾನವಾಗಿ ಎಳೆದರು. ಒಡವೆ ಬಿಡಿಸಿದ ಉಳಿಯೇ ಬೇರೆ, ಇದಕ್ಕೆ ಹಿಡಿದ ಉಳಿಯೇ ಬೇರೆ, ಇದು ಇನ್ನೂ ಸಣ್ಣದು ಎಂದರು. ಎರಡನೆಯ ಅಕ್ಷರದಲ್ಲಿ ಕೈ ಸ್ವಲ್ಪ ಜಾರಿದೆ, ನೋಡು ಎಂದು ಆ ಜಾಗವನ್ನೂ ತೋರಿಸಿದರು. ನಾನು ನೋಡಿದೆ, ಅವರು ಹೇಳುವವರೆಗೆ ನನಗೆ ಕಂಡಿರಲಿಲ್ಲ. ಆಮೇಲೆ ಗೋಡೆಯನ್ನು ಹಿಡಿದುಕೊಂಡು ಎದ್ದು, ತಿಪಟೂರಿನ ಬಸ್ಸು ಎಷ್ಟು ಗಂಟೆಗೆಂದು ಕೇಳಿದರು.